ಅಂಕಿಗೆ ಕಿಟಕಿ ಕಟ್ಟಿದ ಬಗೆ

ಸಂಖ್ಯಾಶಾಸ್ತ್ರದ ತಂತ್ರಾಂಶಕ್ಕೆ ಎರಡು ಭಾಗ. ಸರಾಸರಿ, ಸಹಸಂಬಂಧ, ಹಿಂಚಲನೆ, ಅನೋವಾ (ಗುಂಪುಗಳ ನಡುವಿನ ವ್ಯತ್ಯಾಸದ ವಿಶ್ಲೇಷಣೆ) ಇವುಗಳನ್ನು ಮಾಡಿಕೊಡುವುದು ಲೆಕ್ಕದ ಭಾಗ. ಆ ಲೆಕ್ಕವನ್ನು ಕೇಳುವುದಕ್ಕೂ ಉತ್ತರವನ್ನು ನೋಡುವುದಕ್ಕೂ ಪರದೆಯ ಮೇಲೆ ಇರುವ ವಿಂಡೋ, ಮೆನು, ಬಟನ್, ಪಟ್ಟಿಗಳೆಲ್ಲ ಸೇರಿದ್ದು ಮುಖದ ಭಾಗ. ಇದಕ್ಕೆ ಗ್ರಾಫಿಕಲ್ ಇಂಟರ್ಫೇಸ್ ಎಂದು ಹೆಸರು. ಮುಖವನ್ನು ಕಟ್ಟಲು ಬೇಕಾದ ಬಿಡಿಭಾಗಗಳು ಸಿದ್ಧವಾಗಿ ಸಿಗುವ ಕಟ್ಟಿಗೆ ಟೂಲ್‌ಕಿಟ್ ಎನ್ನುತ್ತಾರೆ. ಲೆಕ್ಕದ ಸೂತ್ರಕ್ಕೆ ನೂರು ವರ್ಷವಾದರೂ ಅದು ಕೆಡುವುದಿಲ್ಲ. ಟೂಲ್‌ಕಿಟ್ ಹಾಗಲ್ಲ, ಹದಿನೈದೇ ವರ್ಷಕ್ಕೆ ಮೂಲೆ ಸೇರಬಹುದು. ಆದ್ದರಿಂದ ಯಾವ ಟೂಲ್‌ಕಿಟ್ ಹಿಡಿಯಬೇಕು ಎಂಬ ಪ್ರಶ್ನೆ ತಂತ್ರಜ್ಞರಿಗಷ್ಟೇ ಸೇರಿದ್ದಲ್ಲ. ಆ ಅಂಕಿಗಳನ್ನು ಯಾರು, ಯಾವ ಭಾಷೆಯಲ್ಲಿ, ಎಷ್ಟು ಕಾಲ ಓದಬಲ್ಲರು ಎಂಬುದು ಈ ಆಯ್ಕೆಯ ಮೇಲೆ ನಿಂತಿರುತ್ತದೆ.

ಸೀಮೆ ಮತ್ತು ಅದರ ಅಂಕಿ

ಈ ಚರಿತ್ರೆಯನ್ನು ಹೊಲದ ಕಡೆಯಿಂದ ನೋಡಲು ತೆಲಂಗಾಣದ ಪಡುವಣ ಅಂಚು ತಕ್ಕ ಜಾಗ. ಬೊಮ್ರಾಸಪೇಟ್ ಈಗ ವಿಕಾರಾಬಾದ್ ಜಿಲ್ಲೆಯ ಒಂದು ಮಂಡಲ, ಕೊಡಂಗಲ್ ಸೀಮೆಗೆ ಸೇರಿದ್ದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆ ಜಾರಿಗೆ ಬರುವವರೆಗೆ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಗುಲ್ಬರ್ಗ ಜಿಲ್ಲೆಯಲ್ಲಿದ್ದವು. ಜಹೀರಾಬಾದ್ ಮತ್ತು ನಾರಾಯಣಖೇಡ್ ಬೀದರ್ ಜಿಲ್ಲೆಯಲ್ಲಿದ್ದವು. ಗುಲ್ಬರ್ಗ, ಬೀದರ್‌ಗಳ ಹೆಚ್ಚಿನ ಭಾಗ ಮೈಸೂರು ರಾಜ್ಯಕ್ಕೆ ಬಂದಾಗ ಈ ನಾಲ್ಕು ಸೀಮೆಗಳು ಆಂಧ್ರ ಪ್ರದೇಶಕ್ಕೆ ಹೋದವು. ಗಡಿ ಎಳೆಯುವ ಆ ಚರ್ಚೆಯಲ್ಲಿ ಜನಗಣತಿಯ ಮಾತೃಭಾಷೆಯ ಕೋಷ್ಟಕಗಳೇ ಮುಖ್ಯ ಆಧಾರವಾಗಿದ್ದವು. ತೆಲುಗು, ಕನ್ನಡ, ಉರ್ದು, ಮರಾಠಿ ನಾಲ್ಕೂ ಕಿವಿಗೆ ಬೀಳುವ ಈ ನಾಡಿನ ಹಣೆಬರಹವನ್ನು ಒಂದು ರೀತಿಯಲ್ಲಿ ಅಂಕಿಗಳೇ ಬರೆದವು.

ಇದು ಮಳೆಯನ್ನು ನಂಬಿದ ಒಣಬೇಸಾಯದ ಸೀಮೆ. ತೊಗರಿ, ಜೋಳ, ಕಡಲೆ ಇಲ್ಲಿನ ಬೆಳೆಗಳು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಗಡಿಯಾಚೆ ಗುಲ್ಬರ್ಗದ ತೊಗರಿಬೇಳೆಗೆ 2019ರಲ್ಲೇ ಸಿಕ್ಕಿತ್ತು. ಹೈದರಾಬಾದಿನಿಂದ ಜಹೀರಾಬಾದಿಗೆ ಹೋಗುವ ಹೆದ್ದಾರಿಯಲ್ಲಿರುವ ಪಟಾನ್‌ಚೆರುವಿನಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಸ್ಥಾಪನೆಯಾಯಿತು. ಅರೆಶುಷ್ಕ ಉಷ್ಣವಲಯದ ಬೆಳೆಗಳಿಗಾಗಿ ಇರುವ ಈ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾಗಳನ್ನು ಕೈಗೆತ್ತಿಕೊಂಡಿತು. ಸೊರಗು ರೋಗ ತಡೆಯುವ ಐಸಿಪಿ 8863 ಎಂಬ ತೊಗರಿ ಅಲ್ಲಿಂದ ಬಂದು, 1986ರಲ್ಲಿ ‘ಮಾರುತಿ’ ಎಂಬ ಹೆಸರಿನಿಂದ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ತಾಂಡೂರಿನ ಕೃಷಿ ಸಂಶೋಧನಾ ಕೇಂದ್ರವೂ ತೊಗರಿ ತಳಿಗಳನ್ನು ಕೊಟ್ಟಿದೆ, ‘ಹನುಮ’ ಅವುಗಳಲ್ಲೊಂದು. ಒಂದು ತಳಿ ಹೊಲ ಸೇರುವ ಮುನ್ನ ಹಲವು ವರ್ಷ, ಹಲವು ಊರುಗಳ ತಾಕುಗಳಲ್ಲಿ ಬೆಳೆದು ನೋಡಬೇಕು. ಪ್ರತಿ ತಾಕಿನ ಇಳುವರಿ ಒಂದು ಅಂಕಿ. ಸಂಖ್ಯಾಶಾಸ್ತ್ರದ ತಂತ್ರಾಂಶಕ್ಕೆ ಈ ಸೀಮೆಯಲ್ಲಿ ಬಂದ ಮೊದಲ ಕೆಲಸ ಇದು.

ಎರಡನೆಯದು ಊರುಗಳ ಅಧ್ಯಯನ. 1975ರಲ್ಲಿ ಇಕ್ರಿಸ್ಯಾಟ್ ಆರು ಹಳ್ಳಿಗಳಲ್ಲಿ ಮನೆಮನೆಯ ಲೆಕ್ಕ ಬರೆಯತೊಡಗಿತು. ಬೊಮ್ರಾಸಪೇಟೂ ಸೇರಿದ್ದ ಆಗಿನ ಮಹಬೂಬ್‌ನಗರ ಜಿಲ್ಲೆಯ ಔರೆಪಲ್ಲಿ ಮತ್ತು ಡೋಕೂರು, ಸೊಲ್ಲಾಪುರ ಜಿಲ್ಲೆಯ ಶಿರಾಪುರ ಮತ್ತು ಕಲ್ಮಣ್, ಅಕೋಲಾ ಜಿಲ್ಲೆಯ ಕಂಜರಾ ಮತ್ತು ಕಿನಖೇಡ ಆ ಆರು ಊರುಗಳು. ಪ್ರತಿ ಊರಿನಲ್ಲಿ 40 ಮನೆ: ಭೂಮಿ ಇಲ್ಲದವರು 10, ಸಣ್ಣ, ಮಧ್ಯಮ, ದೊಡ್ಡ ಹಿಡುವಳಿಯವರು ತಲಾ 10. ಊರಲ್ಲೇ ಬಿಡಾರ ಮಾಡಿಕೊಂಡ ತನಿಖೆದಾರ ಕೆಲವು ವಾರಗಳಿಗೊಮ್ಮೆ ಪ್ರತಿ ಮನೆಗೂ ಹೋಗಿ ಕೂಲಿ, ಬಿತ್ತನೆ, ಸಾಲ, ಊಟ, ಮಾರಾಟದ ವಿವರ ಕೇಳಿ ಬರೆದುಕೊಳ್ಳುತ್ತಿದ್ದ. ಮುಂದೆ ಈ ಕೆಲಸ ಕನ್ನಡ ನಾಡಿಗೂ ಹಬ್ಬಿ, ಬಿಜಾಪುರ ಜಿಲ್ಲೆಯ ಕಪನಿಂಬರಗಿ ಮತ್ತು ಮಾರ್ಕಬ್ಬಿನಹಳ್ಳಿ, ತುಮಕೂರು ಜಿಲ್ಲೆಯ ಬೆಳ್ಳದಮಡುಗು ಮತ್ತು ತರಟಿ ಊರುಗಳೂ ಸೇರಿಕೊಂಡವು.

ಕಿಟಕಿಗೆ ಮೊದಲು

ಕಂಪ್ಯೂಟರ್ ಬರುವ ಮೊದಲು ಭಾರತದ ಸಂಖ್ಯಾಶಾಸ್ತ್ರಜ್ಞರ ಮೇಜಿನ ಮೇಲಿದ್ದುದು ಕೈಯಿಂದ ತಿರುಗಿಸುವ ಲೆಕ್ಕಯಂತ್ರ. ಸ್ವೀಡನ್ನಿನ ಫೆಸಿಟ್ ಯಂತ್ರ ಎಷ್ಟು ಬಳಕೆಯಲ್ಲಿತ್ತೆಂದರೆ ಹಲವು ಪ್ರಯೋಗಾಲಯಗಳಲ್ಲಿ ಲೆಕ್ಕಯಂತ್ರವೆಂದರೆ ಫೆಸಿಟ್ ಎಂದೇ ಅರ್ಥ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ಪೀಳಿಗೆ ಪಳಗಿದ್ದು ಇಂಥ ಕೈಲೆಕ್ಕದಲ್ಲೇ. ಪಿ.ಸಿ. ಮಹಾಲನೋಬಿಸ್ 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1950ರ ದಶಕದ ನಡುವೆ ಬ್ರಿಟನ್ನಿನಿಂದ ಎಚ್‌ಇಸಿ-2ಎಂ ಯಂತ್ರ ಬಂತು. ಭಾರತದಲ್ಲಿ ನೆಲೆಗೊಂಡ ಮೊದಲ ಡಿಜಿಟಲ್ ಕಂಪ್ಯೂಟರ್ ಅದು. ಕೃಷಿ ಸಂಖ್ಯಾಶಾಸ್ತ್ರಕ್ಕೆ ಮೀಸಲಾದ ದೆಹಲಿಯ ಸಂಸ್ಥೆಗೆ (ಇಂದಿನ ಐಎಎಸ್‌ಆರ್‌ಐ) 1964ರಲ್ಲಿ ಐಬಿಎಂ 1620, 1977ರಲ್ಲಿ ಬರೋಸ್ ಬಿ-4700 ಬಂದವು.

ಆ ಕಾಲದ ಇಂಟರ್ಫೇಸ್ ಎಂದರೆ ರಂಧ್ರ ಕೊರೆದ ಕಾರ್ಡು. ಒಂದು ಕಾರ್ಡಿಗೆ 80 ಕಾಲಂ. ಅಂಕಿಯ ಅರ್ಥ ಅದು ನಿಂತ ಕಾಲಮಿನಿಂದ ತಿಳಿಯಬೇಕು: ಇಷ್ಟರಿಂದ ಇಷ್ಟನೆಯ ಕಾಲಂ ಊರಿನ ಸಂಕೇತ, ಮುಂದಿನವು ಮನೆಯ ಸಂಖ್ಯೆ, ಅದರ ಮುಂದಿನವು ಬೆಳೆಯ ಸಂಕೇತ. ತೊಗರಿ ಅಲ್ಲಿ ತೊಗರಿಯಲ್ಲ, ಒಂದು ಸಂಖ್ಯೆ. ಒಂದು ಕಾಲಂ ಪಕ್ಕಕ್ಕೆ ಸರಿದರೆ 45 ಕೆಜಿ 450 ಆಗುತ್ತದೆ. ತಪ್ಪು ಕಣ್ಣಿಗೆ ಬೀಳುವುದು ಕಾರ್ಡಿನ ಕಟ್ಟು ಕೊಟ್ಟು, ಸರದಿ ಕಾದು, ಮುದ್ರಿತ ಹಾಳೆ ಕೈಗೆ ಬಂದ ಮೇಲೆಯೇ.

ಕಾರ್ಡುಗಳ ಕಾಲದಲ್ಲಿ ಹುಟ್ಟಿದ ತಂತ್ರಾಂಶಗಳಿಗೆ ಮುಖವಿರಲಿಲ್ಲ, ಕಮಾಂಡುಗಳ ಭಾಷೆ ಇತ್ತು. 1968ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಸ್‌ಪಿಎಸ್‌ಎಸ್ ಸಮಾಜವಿಜ್ಞಾನಿಗಳಿಗಾಗಿ ಹುಟ್ಟಿತು. ಅದೇ ವರ್ಷ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಜಾನ್ ನೆಲ್ಡರ್ ಅವರ ಮುಂದಾಳತ್ವದಲ್ಲಿ ಜೆನ್‌ಸ್ಟ್ಯಾಟ್ ಕೆಲಸ ಶುರುವಾಯಿತು. ರೊನಾಲ್ಡ್ ಫಿಶರ್ 1919ರಲ್ಲಿ ಸೇರಿ, ಹೊಲದ ತಾಕುಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚುವ ಪದ್ಧತಿಯನ್ನೂ ಅನೋವಾವನ್ನೂ ರೂಪಿಸಿದ್ದು ಅದೇ ರಾಥಮ್‌ಸ್ಟೆಡ್‌ನಲ್ಲಿ. ಹೀಗೆ ತಾಕುಗಳ ಲೆಕ್ಕದಲ್ಲಿ ಪಳಗಿದ ಜೆನ್‌ಸ್ಟ್ಯಾಟ್ ಪಟಾನ್‌ಚೆರುವಿನ ವಿಜ್ಞಾನಿಗಳಿಗೂ ಒಗ್ಗಿತು. ಇಕ್ರಿಸ್ಯಾಟ್‌ನ ತಳಿ ಪರೀಕ್ಷೆಗಳ ವರದಿಗಳಲ್ಲಿ ಅದರ ಹೆಸರು ಮತ್ತೆ ಮತ್ತೆ ಬರುತ್ತದೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಕೃಷಿ ಪ್ರಯೋಗಗಳ ಅಂಕಿಗಳಿಗಾಗಿಯೇ ಮೊದಲಾದ ಎಸ್‌ಎಎಸ್, 1976ರಲ್ಲಿ ಕಂಪನಿಯಾಯಿತು.

ಪರದೆಯ ಮೇಲೆ ಮೊದಲ ಕಿಟಕಿಗಳು

ಅಂಕಿಗಳನ್ನು ಕಣ್ಣಾರೆ ನೋಡಿ ತಿರುಗಿಸುವ ಆಸೆ ಕಾರ್ಡುಗಳ ಕಾಲದಲ್ಲೇ ಇತ್ತು. 1970ರ ದಶಕದ ಆರಂಭದಲ್ಲಿ ಜಾನ್ ಟ್ಯೂಕಿ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್‌ನ ಕಣಭೌತಶಾಸ್ತ್ರ ಕೇಂದ್ರದಲ್ಲಿ ಪ್ರಿಮ್-9 ಎಂಬ ತಂತ್ರಾಂಶ ಕಟ್ಟಿದರು. ಒಂಬತ್ತು ಆಯಾಮಗಳವರೆಗಿನ ಅಂಕಿಗಳನ್ನು ಚುಕ್ಕೆಗಳ ಮೋಡದಂತೆ ತೋರಿಸಿ, ಬೇಕಾದ ದಿಕ್ಕಿಗೆ ತಿರುಗಿಸಿ, ಒಂದು ಗುಂಪನ್ನು ಬೇರ್ಪಡಿಸಿ ನೋಡಲು ಅದರಲ್ಲಿ ಸಾಧ್ಯವಿತ್ತು. ಆದರೆ ಅದಕ್ಕೆ ಬೇಕಾದ ಯಂತ್ರ ಲಕ್ಷಾಂತರ ಡಾಲರಿನದು. 1984ರಲ್ಲಿ ಮ್ಯಾಕಿಂತಾಷ್ ಬಂದು ಮೌಸು, ಮೆನು, ವಿಂಡೋಗಳನ್ನು ಮೇಜಿನ ಮೇಲೆ ತಂದಿಟ್ಟ ಮೇಲೆ ದಾರಿ ತೆರೆಯಿತು. ಪಾಲ್ ವೆಲ್ಮನ್ ಅವರ ಡೇಟಾ ಡೆಸ್ಕ್, 1989ರಲ್ಲಿ ಜಾನ್ ಸಾಲ್ ಅವರ ಜಂಪ್ ಮೊದಲು ಆ ಯಂತ್ರಕ್ಕೇ ಬಂದವು.

ಇವರಿಗೆ ಟೂಲ್‌ಕಿಟ್ ಆರಿಸುವ ಪ್ರಶ್ನೆ ಇರಲಿಲ್ಲ; ಯಂತ್ರ ಕೊಟ್ಟಿದ್ದೇ ಟೂಲ್‌ಕಿಟ್. ಅದರ ಬೆಲೆಯೂ ಆಗಲೇ ತಿಳಿಯಿತು: ಮ್ಯಾಕಿಂತಾಷ್‌ಗೆ ಬರೆದದ್ದು ಬೇರೆ ಯಂತ್ರದಲ್ಲಿ ನಡೆಯದು. ಯುನಿಕ್ಸ್ ಯಂತ್ರಗಳಲ್ಲಿ ಎಕ್ಸ್ ವಿಂಡೋ ವ್ಯವಸ್ಥೆಯ ಮೇಲೆ ಮೋಟಿಫ್ ಎಂಬ ಟೂಲ್‌ಕಿಟ್ ರೂಢಿಗೆ ಬಂತು, ಆದರೆ ಅದಕ್ಕೆ ಪರವಾನಗಿ ಶುಲ್ಕ ಕಟ್ಟಬೇಕು. 1992ರಲ್ಲಿ ಎಸ್‌ಪಿಎಸ್‌ಎಸ್ ವಿಂಡೋಸ್ ಆವೃತ್ತಿ ಬಂದಾಗ ಭಾರತದ ವಿಶ್ವವಿದ್ಯಾಲಯಗಳಲ್ಲೂ ಪರ್ಸನಲ್ ಕಂಪ್ಯೂಟರುಗಳು ಹರಡುತ್ತಿದ್ದವು. ಜೆನ್‌ಸ್ಟ್ಯಾಟ್ ಕೂಡ ವಿಂಡೋಸ್ ಮೆನುಗಳನ್ನು ತೊಟ್ಟುಕೊಂಡಿತು; ಅಭಿವೃದ್ಧಿಶೀಲ ದೇಶಗಳ ಲಾಭರಹಿತ ಸಂಶೋಧನೆಗೆಂದು ಅದರ ಡಿಸ್ಕವರಿ ಆವೃತ್ತಿ ಉಚಿತವಾಗಿ ಸಿಕ್ಕಿತು. ಹೈದರಾಬಾದಿನಲ್ಲೇ ತಯಾರಾದ ಇಂಡೋಸ್ಟ್ಯಾಟ್ ತಳಿ ಅಭಿವೃದ್ಧಿಯ ವಿದ್ಯಾರ್ಥಿಗಳಿಗೆ ಬೇಕಾದ ಲೆಕ್ಕಗಳನ್ನು ವಿಂಡೋಸ್ ಮೆನುವಿನಲ್ಲಿಟ್ಟಿತು. ಕಮಾಂಡ್ ಬರೆಯಲು ಬಾರದವರೂ ತಮ್ಮ ಪ್ರಯೋಗದ ಲೆಕ್ಕವನ್ನು ತಾವೇ ಮಾಡಿಕೊಳ್ಳುವ ಕಾಲ ಇದರಿಂದ ಬಂತು. ಇದು ಸಣ್ಣ ಬದಲಾವಣೆಯಲ್ಲ. ಅಲ್ಲಿಯವರೆಗೆ ಅಂಕಿ ಕಂಪ್ಯೂಟರ್ ಕೋಣೆಗೆ ಹೋಗುತ್ತಿತ್ತು, ಈಗ ಅಂಕಿ ಬರೆದವರ ಮೇಜಿಗೆ ಲೆಕ್ಕವೇ ಬಂತು.

ಆರ್ ಭಾಷೆ ಮತ್ತು ನಾಲ್ಕು ದಾರಿ

ಬೆಲ್ ಪ್ರಯೋಗಾಲಯದಲ್ಲಿ 1976ರಿಂದ ಜಾನ್ ಚೇಂಬರ್ಸ್ ಮತ್ತು ಜೊತೆಗಾರರು ಬೆಳೆಸಿದ ಎಸ್ ಭಾಷೆಯ ಮಾದರಿಯಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಆರ್ ಭಾಷೆಯನ್ನು ರೂಪಿಸಿದರು. 1995ರಲ್ಲಿ ಅದು ಮುಕ್ತ ಪರವಾನಗಿಯಡಿ ಬಂತು, 2000ದ ಫೆಬ್ರುವರಿ 29ರಂದು 1.0.0 ಆವೃತ್ತಿ ಹೊರಬಿತ್ತು. ಕಾಸಿಲ್ಲದೆ ಸಿಗುವ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುವ ಆರ್ ಬಡ ವಿಶ್ವವಿದ್ಯಾಲಯಗಳಿಗೆ ವರವಾಯಿತು. ಆದರೆ ಅದು ತೆರೆದಾಗ ಕಾಣುವುದು ಕಮಾಂಡಿಗೆ ಕಾಯುವ ಒಂದು ಗೆರೆ ಮಾತ್ರ. ಆ ಗೆರೆಗೆ ಮುಖ ಕಟ್ಟುವ ಕೆಲಸ ಬಳಕೆದಾರರ ಪಾಲಿಗೆ ಬಂತು. ಟೂಲ್‌ಕಿಟ್ ಆರಿಸುವ ಪ್ರಶ್ನೆ ನಿಜವಾಗಿ ಎದ್ದದ್ದು ಆಗ, ಏಕೆಂದರೆ ಮೂರೂ ಬಗೆಯ ಯಂತ್ರಗಳಲ್ಲಿ ನಡೆಯುವ ಮುಖ ಬೇಕಿತ್ತು.

ಮೊದಲ ದಾರಿ ಟಿಸಿಎಲ್/ಟಿಕೆ. ಬರ್ಕ್ಲಿಯ ಜಾನ್ ಔಸ್ಟರ್‌ಹೌಟ್ 1988ರಲ್ಲಿ ಟಿಸಿಎಲ್ ಎಂಬ ಪುಟ್ಟ ಭಾಷೆಯನ್ನೂ, ಅದರ ಬೆನ್ನಿಗೇ ಟಿಕೆ ಎಂಬ ಟೂಲ್‌ಕಿಟ್ಟನ್ನೂ ಬರೆದಿದ್ದರು. ಒಂದು ಬಟನ್ ಇಡಲು ಒಂದೇ ಸಾಲು ಸಾಕು. ಡೆನ್ಮಾರ್ಕಿನ ಪೀಟರ್ ಡಾಲ್ಗಾರ್ಡ್ ಇದನ್ನು ಆರ್‌ಗೆ ಬೆಸೆದು 2001ರಲ್ಲಿ ಬಳಕೆಯ ವಿಧಾನವನ್ನು ಬರೆದರು. ವಿಂಡೋಸ್‌ನಲ್ಲಿ ಆರ್ ಜೊತೆಗೇ ಟಿಸಿಎಲ್/ಟಿಕೆ ಬರುತ್ತಿದ್ದುದರಿಂದ ಬೇರೇನೂ ಇನ್‌ಸ್ಟಾಲ್ ಮಾಡಬೇಕಿರಲಿಲ್ಲ. ನೋಡಲು ಅದು ಸೊಗಸಲ್ಲ, ಆದರೆ ಎಲ್ಲೆಡೆ ಸಿಗುತ್ತದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಜಾನ್ ಫಾಕ್ಸ್ ಆರ್ ಕಮಾಂಡರ್ ಎಂಬ ಮೆನುಗಳ ಮುಖವನ್ನು ಇದರ ಮೇಲೆ ಕಟ್ಟಿದ್ದು ಈ ಕಾರಣಕ್ಕೇ.

ಎರಡನೆಯ ದಾರಿ ಜಾವಾ. 1998ರಲ್ಲಿ ಜಾವಾ ಜೊತೆ ಬಂದ ಸ್ವಿಂಗ್ ಎಲ್ಲ ಯಂತ್ರಗಳಲ್ಲೂ ಒಂದೇ ರೂಪ ತೋರುತ್ತಿತ್ತು. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಹುಟ್ಟಿದ ಜಾಗ್ವಾರ್ (ಜೆಜಿಆರ್) ಮತ್ತು ಅದರ ಮೇಲೆ ನಿಂತ ಡೆಡ್ಯೂಸರ್ ಈ ದಾರಿಯವು. ಇಲ್ಲಿ ಆರ್ ಮತ್ತು ಜಾವಾ ಎರಡನ್ನೂ ಹೊಂದಿಸಬೇಕು. ಒಂದು ಹೊಸ ಆವೃತ್ತಿಗೆ ಹೋದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು.

ಮೂರನೆಯದು ಜಿಟಿಕೆ. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ತಮ್ಮ ಚಿತ್ರ ತಿದ್ದುವ ಗಿಂಪ್ ತಂತ್ರಾಂಶವನ್ನು ಮೋಟಿಫ್‌ನ ಹಿಡಿತದಿಂದ ಬಿಡಿಸಲು ಬರೆದ ಟೂಲ್‌ಕಿಟ್ ಇದು. ಮೈಕೆಲ್ ಲಾರೆನ್ಸ್ ಮತ್ತು ಡಂಕನ್ ಟೆಂಪಲ್ ಲ್ಯಾಂಗ್ ಅದನ್ನು ಆರ್‌ಜಿಟಿಕೆ2 ಎಂಬ ಹೆಸರಿನಲ್ಲಿ ಆರ್‌ಗೆ ತಂದರು. ಆಸ್ಟ್ರೇಲಿಯಾದ ಗ್ರಹಾಂ ವಿಲಿಯಮ್ಸ್ ದತ್ತಾಂಶ ಗಣಿಗಾರಿಕೆಗೆಂದು ಮಾಡಿದ ರ‍್ಯಾಟಲ್ ಅದರ ಮೇಲೆ ನಿಂತಿತು. ಅರ್ಥಶಾಸ್ತ್ರಜ್ಞರ ಗ್ರೆಟ್ಲ್ ಮತ್ತು ಎಸ್‌ಪಿಎಸ್‌ಎಸ್‌ಗೆ ಮುಕ್ತ ಬದಲಿಯಾದ ಪಿಎಸ್‌ಪಿಪಿ ಕೂಡ ಜಿಟಿಕೆ ಬಳಗದವು.

ನಾಲ್ಕನೆಯದು ನಾರ್ವೆಯಲ್ಲಿ ಹುಟ್ಟಿದ ಕ್ಯೂಟಿ. ಅಂದದಲ್ಲೂ ಗಟ್ಟಿತನದಲ್ಲೂ ಅದು ಮುಂದಿತ್ತು, ತೊಡಕಿದ್ದದ್ದು ಪರವಾನಗಿಯಲ್ಲಿ. ಆರಂಭದಲ್ಲಿ ಅದು ಪೂರ್ತಿ ಮುಕ್ತವಾಗಿರದಿದ್ದುದೇ 1997ರಲ್ಲಿ ಲಿನಕ್ಸ್‌ಗೆ ಡೆಸ್ಕ್‌ಟಾಪ್ ಕಟ್ಟುವ ಗ್ನೋಮ್ ಯೋಜನೆ ಬೇರೆ ಹಾದಿ ಹಿಡಿಯಲು ಕಾರಣವಾಯಿತು. 2000ದಲ್ಲಿ ಜಿಪಿಎಲ್, 2009ರಲ್ಲಿ ಇನ್ನೂ ಸಡಿಲವಾದ ಎಲ್‌ಜಿಪಿಎಲ್ ಪರವಾನಗಿ ಬಂದ ಮೇಲೆ ಆ ತಡೆ ನೀಗಿತು. 2002ರಲ್ಲಿ ಶುರುವಾದ, ಆರ್‌ಗೆ ಮುಖವಾದ ಆರ್‌ಕೆವಾರ್ಡ್ ಕ್ಯೂಟಿಯ ಮೇಲೆ ನಿಂತು ಇಂದಿಗೂ ನಡೆಯುತ್ತಿದೆ. ಆಮ್‌ಸ್ಟರ್‌ಡ್ಯಾಮ್‌ನ ಜಾಸ್ಪ್ ಎಂಬ ತಂತ್ರಾಂಶ ಕೂಡ ಕ್ಯೂಟಿಯನ್ನೇ ಆರಿಸಿತು.

ನಾಲ್ಕರಲ್ಲಿ ಒಂದನ್ನು ಆರಿಸಿದರೆ ಉಳಿದ ಮೂರರ ಬಾಗಿಲು ಮುಚ್ಚುತ್ತದೆ. ಅದನ್ನು ತಪ್ಪಿಸಲು ಜಾನ್ ವೆರ್ಜಾನಿ ಜಿವಿಜೆಟ್ಸ್ ಎಂಬ ನಡುಪದರ ಮಾಡಿದರು. ಒಮ್ಮೆ ಬರೆದ ಮುಖ ಕೆಳಗೆ ಟಿಕೆ, ಜಿಟಿಕೆ, ಕ್ಯೂಟಿ ಯಾವುದಿದ್ದರೂ ನಡೆಯಬೇಕೆಂಬುದು ಅದರ ಗುರಿ. ಲಾರೆನ್ಸ್ ಮತ್ತು ವೆರ್ಜಾನಿ ಸೇರಿ 2012ರಲ್ಲಿ ಆರ್‌ನಲ್ಲಿ ಇಂಟರ್ಫೇಸ್ ಕಟ್ಟುವುದರ ಬಗ್ಗೆಯೇ ಒಂದು ಪುಸ್ತಕ ತಂದರು.

ಒಂದು ತೊಗರಿ ಪ್ರಯೋಗ, ಒಂದು ಕಿಟಕಿ

ಒಳ್ಳೆಯ ಮುಖ ಏನು ಮಾಡುತ್ತದೆ ಎಂಬುದು ಒಂದು ಉದಾಹರಣೆಯಿಂದ ತಿಳಿಯುತ್ತದೆ. ಎಂಟು ತೊಗರಿ ತಳಿಗಳನ್ನು ನಾಲ್ಕು ಬ್ಲಾಕುಗಳಲ್ಲಿ ಬೆಳೆದಿದೆ ಎಂದುಕೊಳ್ಳಬೇಕು. ಒಟ್ಟು 32 ತಾಕು. ಹೊಲದ ಒಂದು ಬದಿ ಎರೆ, ಇನ್ನೊಂದು ಬದಿ ತುಸು ಮಸಾರಿ ಇರಬಹುದಾದ್ದರಿಂದ ಪ್ರತಿ ಬ್ಲಾಕಿನಲ್ಲೂ ಎಂಟು ತಳಿಗಳನ್ನು ಚೀಟಿ ಎತ್ತಿ ಹಂಚಲಾಗಿದೆ. ಸ್ಪ್ರೆಡ್‌ಶೀಟಿನಲ್ಲಿ ಮೂರು ಕಾಲಂ: ತಳಿ, ಬ್ಲಾಕ್, ಇಳುವರಿ. ತಳಿಯ ಕಾಲಮಿನಲ್ಲಿ ಹೆಸರುಗಳಿವೆ, ಬ್ಲಾಕಿನ ಕಾಲಮಿನಲ್ಲಿ 1, 2, 3, 4 ಎಂಬ ಅಂಕಿಗಳಿವೆ.

ಆರ್ ಕಮಾಂಡರಿನಲ್ಲಿ ಈ ಫೈಲು ತೆರೆದು ಲೀನಿಯರ್ ಮಾಡೆಲ್ ಎಂಬ ಮೆನು ಒತ್ತಿದರೆ ಒಂದು ವಿಂಡೋ ಬರುತ್ತದೆ. ಮೇಲ್ಗಡೆ ಕಾಲಮುಗಳ ಪಟ್ಟಿ, ಕೆಳಗೆ ಸೂತ್ರ ಬರೆಯಲು ಖಾಲಿ ಜಾಗ. ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದು ಸೂತ್ರದೊಳಗೆ ಹೋಗಿ ಕೂರುತ್ತದೆ. ಗಮನಿಸಬೇಕಾದ್ದು ಪಟ್ಟಿಯಲ್ಲಿದೆ. ತಳಿಯ ಪಕ್ಕದಲ್ಲಿ ‘ಫ್ಯಾಕ್ಟರ್’ ಎಂಬ ಗುರುತು ಇರುತ್ತದೆ, ಬ್ಲಾಕಿನ ಪಕ್ಕದಲ್ಲಿ ಇರುವುದಿಲ್ಲ. ಅಂದರೆ ತಂತ್ರಾಂಶ ಬ್ಲಾಕನ್ನು ಗುಂಪಿನ ಹೆಸರೆಂದು ತಿಳಿಯದೆ ಅಳತೆಯ ಸಂಖ್ಯೆ ಎಂದು ತಿಳಿದಿದೆ. ಹಾಗೇ ಮುಂದುವರಿದರೆ ನಾಲ್ಕನೆಯ ಬ್ಲಾಕು ಎರಡನೆಯದರ ಎರಡು ಪಟ್ಟು ಎಂಬ ಅರ್ಥ ಬರುತ್ತದೆ. ಅನೋವಾ ಕೋಷ್ಟಕದಲ್ಲಿ ಬ್ಲಾಕಿನ ಸ್ವಾತಂತ್ರ್ಯಾಂಕ (ಗುಂಪುಗಳ ಸಂಖ್ಯೆಗಿಂತ ಒಂದು ಕಡಿಮೆ) 3 ಇರಬೇಕಾದಲ್ಲಿ 1 ಬರುತ್ತದೆ, ದೋಷದ್ದು 21ರ ಬದಲು 23 ಆಗುತ್ತದೆ. ಉತ್ತರ ಬರುತ್ತದೆ, ಆದರೆ ತಪ್ಪು ಉತ್ತರ. ಯಾವ ಎಚ್ಚರಿಕೆಯೂ ಇಲ್ಲದೆ ಬರುತ್ತದೆ.

ಮೆನುವಿನಲ್ಲಿ ಅಂಕಿಯನ್ನು ಫ್ಯಾಕ್ಟರಾಗಿ ಬದಲಿಸುವ ಬೇರೆ ಆಯ್ಕೆ ಇದೆ. ಅದನ್ನು ಮೊದಲು ಮಾಡಿಕೊಂಡರೆ ಗುರುತು ಮೂಡುತ್ತದೆ, ಲೆಕ್ಕ ಸರಿಯಾಗುತ್ತದೆ. ಪಟ್ಟಿಯ ಆ ಒಂದು ಪುಟ್ಟ ಗುರುತು ಒಂದು ಹಂಗಾಮಿನ ದುಡಿಮೆಯನ್ನು ಕಾಯುತ್ತದೆ. ಕೊಟ್ಟಿರುವ ಅಂಕಿಗಳಿಗೆ ಹೊಂದದ ಮೆನುಗಳು ಮಸುಕಾಗಿ ಒತ್ತಲು ಬಾರದಂತಿರುವುದೂ ಇದೇ ಕಾಳಜಿಯಿಂದ. ಇನ್ನೂ ದೊಡ್ಡ ಗುಣವೆಂದರೆ ಪ್ರತಿ ಕ್ಲಿಕ್ಕಿಗೆ ಹುಟ್ಟುವ ಆರ್ ಕಮಾಂಡು ಒಂದು ಪಟ್ಟಿಯಲ್ಲಿ ಕಣ್ಣೆದುರೇ ಬರೆಯಲ್ಪಡುತ್ತದೆ. ಅದನ್ನು ಉಳಿಸಿಟ್ಟರೆ ಮುಂದಿನ ವರ್ಷದ ಪ್ರಯೋಗಕ್ಕೆ ಅದೇ ಲೆಕ್ಕವನ್ನು ಮತ್ತೆ ಮಾಡಬಹುದು, ಬೇರೆಯವರು ಪರೀಕ್ಷಿಸಬಹುದು. ಮೆನುವಿನಿಂದ ಶುರು ಮಾಡಿದ ವಿದ್ಯಾರ್ಥಿ ಆ ಪಟ್ಟಿಯನ್ನು ಓದುತ್ತ ಭಾಷೆಯನ್ನೂ ಕಲಿಯುತ್ತಾನೆ. ಇವು ಟೂಲ್‌ಕಿಟ್ ಕೊಟ್ಟ ಗುಣಗಳಲ್ಲ, ಕಟ್ಟಿದವರ ವಿವೇಕ ಕೊಟ್ಟ ಗುಣಗಳು.

ಲಿಪಿಯ ಪರೀಕ್ಷೆ

ಟೂಲ್‌ಕಿಟ್ಟೇ ತೀರ್ಮಾನಿಸುವ ವಿಷಯ ಲಿಪಿ. ಕನ್ನಡದ ಅಕ್ಷರಗಳಿಗೆ 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಸಂಖ್ಯೆಗಳು ಸಿಕ್ಕವು. ಆದರೆ ಸಂಖ್ಯೆ ಸಿಕ್ಕಿದ ಮಾತ್ರಕ್ಕೆ ಅಕ್ಷರ ಪರದೆಯ ಮೇಲೆ ಮೂಡುವುದಿಲ್ಲ. ‘ಕ್ವಿಂಟಲ್’ ಎಂಬ ಪದದ ಮೊದಲ ಅಕ್ಷರವನ್ನೇ ನೋಡಬಹುದು. ಕಂಪ್ಯೂಟರಿನಲ್ಲಿ ಅದು ಕ, ವಿರಾಮ ಚಿಹ್ನೆ, ವ, ಗುಡಿಸು ಎಂಬ ಕ್ರಮದಲ್ಲಿ ಇರುತ್ತದೆ. ಕಣ್ಣಿಗೆ ಕಾಣಬೇಕಾದ್ದು ಬೇರೆ: ಗುಡಿಸು ಕಕಾರದ ತಲೆಗೆ ಸೇರಿ ‘ಕಿ’ ಆಗಬೇಕು, ವಕಾರ ಒತ್ತಾಗಿ ಕೆಳಗೆ ಇಳಿಯಬೇಕು. ಹೀಗೆ ಅಕ್ಷರ ಬೆಸೆಯುವ ಕೆಲಸಕ್ಕೆ ಟೂಲ್‌ಕಿಟ್ಟಿನೊಳಗೆ ಬೇರೆಯದೇ ಯಂತ್ರಾಂಗ ಬೇಕು. ಉರ್ದುವಿಗೆ ಇನ್ನೂ ಒಂದು ಬೇಡಿಕೆ: ಅಕ್ಷರ ಬಲದಿಂದ ಎಡಕ್ಕೆ, ನಡುವೆ ಬರುವ ಅಂಕಿ ಎಡದಿಂದ ಬಲಕ್ಕೆ.

2002ರಲ್ಲಿ ಬಂದ ಜಿಟಿಕೆ 2.0ರಲ್ಲಿ ಈ ಕೆಲಸಕ್ಕೆಂದೇ ಪ್ಯಾಂಗೋ ಇತ್ತು. ಎಲ್ಲ ಎಂಬ ಗ್ರೀಕ್ ಪದಕ್ಕೆ ಭಾಷೆ ಎಂಬ ಜಪಾನಿ ಪದ ಸೇರಿಸಿ ಇಟ್ಟ ಹೆಸರು ಅದು. ಕ್ಯೂಟಿಯೂ ಭಾರತೀಯ ಲಿಪಿಗಳನ್ನು ಕಲಿತಿತು. ಎರಡೂ ಕಡೆಯ ದುಡಿಮೆ ಕೂಡಿ ಹುಟ್ಟಿದ ಹಾರ್ಫ್‌ಬಜ್ ಇಂದು ಫೋನುಗಳಲ್ಲೂ ಬ್ರೌಸರುಗಳಲ್ಲೂ ಕನ್ನಡವನ್ನು ಬೆಸೆಯುತ್ತಿದೆ. ಟಿಕೆ ಹಿಂದೆ ಬಿದ್ದದ್ದು ಇಲ್ಲೇ. ಲಿನಕ್ಸ್ ಯಂತ್ರಗಳಲ್ಲಿ ಅದು ಅಕ್ಷರಗಳನ್ನು ಒಂದೊಂದಾಗಿ ಸಾಲಿಗೆ ನಿಲ್ಲಿಸುತ್ತಿತ್ತು. ಒತ್ತು ಕೆಳಗಿಳಿಯದೆ, ಗುಡಿಸು ಸೇರದೆ, ಪದ ಕಟ್ಟು ಬಿಚ್ಚಿದ ಜೋಳದ ಸಿವುಡಿನಂತೆ ಚೆದುರುತ್ತಿತ್ತು. ಎಲ್ಲೆಡೆ ಸಿಗುತ್ತದೆಂದು ಆರಿಸಿದ ಟೂಲ್‌ಕಿಟ್ ಕನ್ನಡ, ತೆಲುಗು ಓದುವವರ ಮಟ್ಟಿಗೆ ಎಲ್ಲೆಡೆ ಸಿಗುವಂಥದ್ದಾಗಿರಲಿಲ್ಲ.

ತೊಡಕು ಮುಖದಲ್ಲಿ ಮಾತ್ರ ಇರಲಿಲ್ಲ. 2005ರ ಆರ್ 2.1.0 ಬಹುಭಾಷೆಗೆ ದಾರಿ ತೆರೆದರೂ, ವಿಂಡೋಸ್‌ನಲ್ಲಿ ಕೋಷ್ಟಕವನ್ನು ಪರದೆಗೆ ತಂದಾಗ ಊರಿನ ಕನ್ನಡ ಹೆಸರಿನ ಜಾಗದಲ್ಲಿ ಒಂದೊಂದು ಅಕ್ಷರಕ್ಕೂ ಆವರಣದೊಳಗಿನ ಸಂಕೇತಸಂಖ್ಯೆ ಬರುವುದು ಮಾಮೂಲಾಗಿತ್ತು. 2022ರ ಏಪ್ರಿಲ್‌ನಲ್ಲಿ ಬಂದ ಆರ್ 4.2.0 ಹೊಸ ವಿಂಡೋಸ್ ಯಂತ್ರಗಳಲ್ಲಿ ಯುಟಿಎಫ್-8ನ್ನು ಸಹಜ ಸಂಕೇತಕ್ರಮವಾಗಿ ಒಪ್ಪಿಕೊಂಡ ಮೇಲೆ ಆ ತೊಂದರೆ ತೀರಿತು. ಅಲ್ಲಿಯವರೆಗೆ ಊರು, ಬೆಳೆ, ತಳಿಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದೇ ಸುರಕ್ಷಿತ ಹಾದಿಯಾಗಿತ್ತು. ಬೊಮ್ರಾಸಪೇಟ್, ಕಪನಿಂಬರಗಿಗಳಂಥ ಹೆಸರುಗಳಿಗೆ ಇಂಗ್ಲಿಷಿನಲ್ಲಿ ಹತ್ತು ಬಗೆಯ ಕಾಗುಣಿತ. ಒಂದೇ ಊರು ಎರಡು ಕಾಗುಣಿತದಲ್ಲಿ ನಮೂದಾದರೆ ತಂತ್ರಾಂಶದ ಕಣ್ಣಿಗೆ ಅವು ಎರಡು ಊರು.

ಬ್ರೌಸರಿಗೆ ಬಂದ ಲೆಕ್ಕ

ಐದನೆಯ ದಾರಿಯೊಂದು ಈ ನಡುವೆ ತೆರೆಯಿತು: ಮುಖವನ್ನು ಬ್ರೌಸರಿನಲ್ಲೇ ಕಟ್ಟುವುದು. ಲೆಕ್ಕ ದೂರದ ಯಂತ್ರದಲ್ಲಿ, ಮುಖ ಬಳಸುವವರ ಯಂತ್ರದಲ್ಲಿ. ಇನ್‌ಸ್ಟಾಲ್ ಮಾಡುವ ಕೆಲಸವಿಲ್ಲ, ಲಿಪಿ ಬೆಸೆಯುವ ಹೊಣೆ ಬ್ರೌಸರಿನದು. ಹಿಸಾರ್‌ನ ಹರಿಯಾಣ ಕೃಷಿ ವಿಶ್ವವಿದ್ಯಾಲಯದ ಒಪಿಸ್ಟ್ಯಾಟ್ ಈ ದಾರಿ ಹಿಡಿದು ದೇಶದ ಕೃಷಿ ವಿದ್ಯಾರ್ಥಿಗಳಲ್ಲಿ ಮನೆಮಾತಾಯಿತು. ಅಂಕಿಗಳನ್ನು ಒಂದು ಚೌಕದಲ್ಲಿ ಅಂಟಿಸಿ ಬಟನ್ ಒತ್ತಿದರೆ ಅನೋವಾ ಕೋಷ್ಟಕ ಬರುತ್ತದೆ. 2009ರಿಂದ ಐಎಎಸ್‌ಆರ್‌ಐ ಮುಂದಾಳತ್ವದ ರಾಷ್ಟ್ರೀಯ ಯೋಜನೆಯೊಂದು ಕೃಷಿ ವಿಶ್ವವಿದ್ಯಾಲಯಗಳಿಗೂ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಸಂಸ್ಥೆಗಳಿಗೂ ಎಸ್‌ಎಎಸ್ ಒದಗಿಸಿ ತರಬೇತಿ ಕೊಟ್ಟಿತು.

2011ರಲ್ಲಿ ಬಂದ ಆರ್‌ಸ್ಟುಡಿಯೋ ಒಳಗಿಂದ ವೆಬ್ ತಂತ್ರಜ್ಞಾನದ್ದೇ. ಡೆಸ್ಕ್‌ಟಾಪಿನಲ್ಲಿ ಮೊದಲು ಕ್ಯೂಟಿಯ ಚೌಕಟ್ಟಿನಲ್ಲಿ ಕೂತಿತ್ತು, 2022ರ ಕೊನೆಗೆ ಎಲೆಕ್ಟ್ರಾನ್ ಚೌಕಟ್ಟಿಗೆ ಹೋಯಿತು. ಅದೇ ಸಂಸ್ಥೆಯ ಜೋ ಚೆಂಗ್ 2012ರಲ್ಲಿ ತಂದ ಶೈನಿ, ಆರ್ ಬಲ್ಲವರು ಜಾವಾಸ್ಕ್ರಿಪ್ಟ್ ಕಲಿಯದೆಯೇ ವೆಬ್ ಮುಖ ಕಟ್ಟುವಂತೆ ಮಾಡಿತು. ಕೇರಳ ಕೃಷಿ ವಿಶ್ವವಿದ್ಯಾಲಯದಲ್ಲಿ ಶೈನಿಯ ಮೇಲೆ ಕಟ್ಟಿದ ಗ್ರೇಪ್ಸ್ ತಾಕುಗಳ ಪ್ರಯೋಗ ಮಾಡುವವರಿಗೆ ಬೇಕಾದ ಲೆಕ್ಕಗಳನ್ನು ಒಂದೆಡೆ ತಂದಿದೆ. ಹತ್ತು ವರ್ಷ ಮೊದಲಾಗಿದ್ದರೆ ಇಂಥ ಕೆಲಸಕ್ಕೆ ದೊಡ್ಡ ತಂಡವೇ ಬೇಕಿತ್ತು. ಹೊಲದ ಕಡೆಯೂ ಕಾಗದ ಕಡಿಮೆಯಾಯಿತು: 2014ರಲ್ಲಿ ಕ್ಯಾನ್ಸಾಸ್‌ನಿಂದ ಬಂದ ಫೀಲ್ಡ್ ಬುಕ್ ಎಂಬ ಆಂಡ್ರಾಯ್ಡ್ ತಂತ್ರಾಂಶ ತಾಕಿನ ಬದುವಿನ ಮೇಲೆ ನಿಂತೇ ಗಿಡದ ಎತ್ತರ, ಹೂ ಬಿಟ್ಟ ದಿನ, ಇಳುವರಿಗಳನ್ನು ನಮೂದಿಸುವುದಕ್ಕೆ ಅನುವು ಮಾಡಿತು.

ಬ್ರೌಸರ್ ದಾರಿಗೂ ಮಿತಿಗಳಿವೆ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಅದು ನಿಲ್ಲುತ್ತದೆ. ದೂರದ ಯಂತ್ರವನ್ನು ನೋಡಿಕೊಳ್ಳುವವರು ಬದಲಾದರೆ ಬಾಗಿಲು ಮುಚ್ಚಬಹುದು. ಮನೆಮನೆಯ ಸಾಲ, ಆದಾಯದ ವಿವರಗಳನ್ನು ಬೇರೆಯವರ ಯಂತ್ರಕ್ಕೆ ಕಳಿಸುವ ಮುನ್ನ ಆ ಮನೆಯವರ ನಂಬಿಕೆಯನ್ನೂ ನೆನೆಯಬೇಕು.

ಉಳಿದದ್ದು, ಅಳಿದದ್ದು

2020ರ ಡಿಸೆಂಬರಿನಲ್ಲಿ ಜಿಟಿಕೆ 4 ಬಂದು ಎರಡನೆಯ ಆವೃತ್ತಿಗೆ ಬೆಂಬಲ ನಿಂತಿತು. ಒಂದು ವರ್ಷದಲ್ಲಿ ಆರ್‌ಜಿಟಿಕೆ2 ಆರ್‌ನ ಅಧಿಕೃತ ಭಂಡಾರದಿಂದ ಹೊರಬಿತ್ತು. ಅದನ್ನು ನೆಚ್ಚಿದ್ದ ರ‍್ಯಾಟಲ್ ಸುಲಭವಾಗಿ ಇನ್‌ಸ್ಟಾಲ್ ಆಗದಂತಾಗಿ, ಮುಂದೆ ಫ್ಲಟರ್ ಎಂಬ ಹೊಸ ಟೂಲ್‌ಕಿಟ್ಟಿನಲ್ಲಿ ಮೊದಲಿನಿಂದ ಕಟ್ಟಬೇಕಾಯಿತು. ಜಾವಾ ದಾರಿಯವು ಮಂಕಾದವು. ಲಿಪಿಯಲ್ಲಿ ಗೆದ್ದ ಜಿಟಿಕೆ ಬಾಳಿಕೆಯಲ್ಲಿ ಸೋತಿತು, ಲಿಪಿಯಲ್ಲಿ ಸೋತ ಟಿಕೆ ಬಾಳಿಕೆಯಲ್ಲಿ ಗೆದ್ದಿತು; ಆರ್ ಕಮಾಂಡರ್ ಇಪ್ಪತ್ತು ವರ್ಷ ದಾಟಿಯೂ ನಡೆಯುತ್ತಿದೆ. ಎಲ್ಲ ಗುಣ ಒಂದರಲ್ಲೇ ಇರುವ ಟೂಲ್‌ಕಿಟ್ ಈ ಚರಿತ್ರೆಯಲ್ಲಿ ಸಿಗುವುದಿಲ್ಲ.

ಆಯ್ಕೆಗೆ ಬೇಕಾದ ಪ್ರಶ್ನೆಗಳು ಮಾತ್ರ ಈ ಅರ್ಧ ಶತಮಾನದಲ್ಲಿ ಖಚಿತವಾಗಿವೆ. ಪರದೆಯ ಮುಂದೆ ಕೂರುವವರು ಯಾರು, ಅವರ ಯಂತ್ರ ಎಂಥದು, ನೆಟ್‌ವರ್ಕ್ ಇದೆಯೇ, ಅವರ ಭಾಷೆಯ ಲಿಪಿ ಸರಿಯಾಗಿ ಮೂಡುತ್ತದೆಯೇ, ಪರವಾನಗಿ ಮುಕ್ತವೇ, ಹತ್ತು ವರ್ಷದ ನಂತರ ಅದನ್ನು ನೋಡಿಕೊಳ್ಳುವವರು ಇರುತ್ತಾರೆಯೇ. ಇವುಗಳ ಜೊತೆಗೆ ಕಟ್ಟುವವರು ಪಾಲಿಸಬೇಕಾದ ಎರಡು ನಿಯಮ. ಲೆಕ್ಕದ ಭಾಗವನ್ನು ಮುಖದ ಭಾಗದಿಂದ ಬೇರೆ ಇಡಬೇಕು. ಮುಖ ಹಳತಾದರೆ ತೆಗೆದು ಬೇರೆ ಹಾಕಬಹುದು. ಪ್ರತಿ ಕ್ಲಿಕ್ಕಿನ ಹಿಂದಿನ ಕಮಾಂಡನ್ನು ಬರೆದಿಡಬೇಕು. ಕಿಟಕಿ ಹೋದರೂ ಲೆಕ್ಕದ ದಾರಿ ಉಳಿಯುತ್ತದೆ.

ಹಳ್ಳಿಗಳ ಅಧ್ಯಯನದ ಅಂಕಿಗಳು ಈ ನಿಯಮಗಳ ತೂಕವನ್ನು ತೋರಿಸುತ್ತವೆ. ಈ ಊರುಗಳ ಮೊದಲ ಹತ್ತು ವರ್ಷದ ಲೆಕ್ಕವನ್ನು ಆಧರಿಸಿ ಥಾಮಸ್ ವಾಕರ್ ಮತ್ತು ಜೇಮ್ಸ್ ರಯನ್ 1990ರಲ್ಲಿ ದೊಡ್ಡ ಗ್ರಂಥ ತಂದರು. 2001ರ ನಂತರ ಅದೇ ಊರುಗಳಿಗೆ ಮತ್ತೆ ಹೋಗಿ ಲೆಕ್ಕ ಮುಂದುವರಿಸಲಾಯಿತು. 1975ರಲ್ಲಿ ಆ ಮನೆಗಳ ಜಗಲಿಯ ಮೇಲೆ ಕೂತು ಬರೆದುಕೊಂಡ ಅಂಕಿಗಳನ್ನು ಅಂದು ಹುಟ್ಟಿಯೇ ಇರದ ತಂತ್ರಾಂಶಗಳಲ್ಲಿ ಇಂದು ತೆರೆಯಬಹುದು, ಏಕೆಂದರೆ ಅವು ಯಾವ ಒಂದು ಕಿಟಕಿಗೂ ಅಂಟಿಕೊಂಡಿರದ ಸರಳ ಸಾಲು-ಕಾಲಮುಗಳಲ್ಲಿವೆ.